ಮೂವರು ಕಟ್ಟಿದ ನಿಲ್ದಾಣ

ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್–42ನೇ ಬೀದಿ ಸಬ್‌ವೇ ನಿಲ್ದಾಣದಲ್ಲಿ ಬೋರ್ಡು ಓದಿಕೊಂಡು ನಡೆದರೂ ದಾರಿ ತಪ್ಪುತ್ತದೆ. ಮೆಟ್ಟಿಲಿಳಿದವರು ಇಳಿಜಾರು ಹತ್ತಬೇಕು, ತಿರುವು ದಾಟಿ ಮತ್ತೆ ಇಳಿಯಬೇಕು. ಹೊಸಬರು ಇದನ್ನು ತಮ್ಮ ದಡ್ಡತನವೆಂದು ತಿಳಿದು ಮುಜುಗರಪಡುತ್ತಾರೆ. ತಪ್ಪು ಅವರದಲ್ಲ. ವರ್ಷಕ್ಕೆ ಆರು ಕೋಟಿಗೂ ಹೆಚ್ಚು ಪ್ರಯಾಣಿಕರನ್ನು ಕಂಡ ಈ ಜಾಗವನ್ನು ಒಂದೇ ನಿಲ್ದಾಣವೆಂದು ಎಣಿಸಿ ಯಾರೂ ನಕ್ಷೆ ಬರೆದದ್ದಿಲ್ಲ.

1904ರಲ್ಲಿ ಇಲ್ಲಿ ಮೊದಲ ಸಬ್‌ವೇ ಬಂದಾಗ ಇದು ಎಕ್ಸ್‌ಪ್ರೆಸ್ ನಿಲ್ಲದ, ಲೋಕಲ್ ರೈಲಿನ ಸಾಧಾರಣ ತಂಗುದಾಣ. ಲಾಂಗ್ ಏಕರ್ ಸ್ಕ್ವೇರ್ ಎಂದಿದ್ದ ಚೌಕಕ್ಕೆ ಅದೇ ವರ್ಷ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹೆಸರು ಬಂದಿತ್ತು. ಈ ಜಾಗ ಇಷ್ಟು ಬೆಳೆಯುತ್ತದೆಂದು ಎಂಜಿನಿಯರುಗಳು ಅಂದಾಜಿಸಲಿಲ್ಲ. ಆಮೇಲೆ ಬಂದವರು ಒಬ್ಬೊಬ್ಬರೂ ತಮ್ಮ ಪಾಡಿಗೆ ಅಗೆದರು. ಐಆರ್‌ಟಿ ಕಂಪನಿ 1917ರಲ್ಲಿ ಏಳನೇ ಅವೆನ್ಯೂ ಕೆಳಗೆ, ಅದರ ಎದುರಾಳಿ ಬಿಆರ್‌ಟಿ 1918ರಲ್ಲಿ ಬ್ರಾಡ್‌ವೇ ಕೆಳಗೆ ಮಾರ್ಗ ತೆರೆದವು. ಅವೆರಡರ ಕೆಳಗೆ, ಇನ್ನೂ ಆಳದಲ್ಲಿ, 1927ರಲ್ಲಿ ಫ್ಲಶಿಂಗ್ ಮಾರ್ಗ ಬಂತು. ಕೊನೆಗೆ ನಗರಾಡಳಿತವೇ ಐಎನ್‌ಡಿ ಎಂಬ ಸ್ವಂತ ಜಾಲ ಹೂಡಿ 1932ರಲ್ಲಿ ಎಂಟನೇ ಅವೆನ್ಯೂ ಕೆಳಗೆ ಮತ್ತೊಂದು ನಿಲ್ದಾಣ ಕಟ್ಟಿತು. ಐಆರ್‌ಟಿ ಬೋಗಿಗಳು ಉಳಿದವರವಕ್ಕಿಂತ ಕಿರಿದು, ಹಾಗಾಗಿ ಒಬ್ಬರ ಪ್ಲಾಟ್‌ಫಾರ್ಮ್ ಇನ್ನೊಬ್ಬರಿಗೆ ಒಗ್ಗುವುದಿಲ್ಲ. 1940ರಲ್ಲಿ ನಗರ ಉಳಿದ ಎರಡು ಜಾಲಗಳನ್ನೂ ಕೊಂಡುಕೊಂಡಿತು. ಅಷ್ಟು ಹೊತ್ತಿಗೆ ಗೋಡೆಗಳೆಲ್ಲ ಎದ್ದು ನಿಂತಿದ್ದವು.

ಈ ಗೋಜಲಿನಲ್ಲಿ ಹೆಚ್ಚು ಸ್ವಾರಸ್ಯವಿರುವುದು 42ನೇ ಬೀದಿಯ ಷಟಲ್‌ನಲ್ಲಿ. 1918ರ ಆಗಸ್ಟಿನಲ್ಲಿ ಹಳೆಯ ಮಾರ್ಗವನ್ನು ಪೂರ್ವ, ಪಶ್ಚಿಮ ಎಂದು ಸೀಳಿದಾಗ ಗ್ರ್ಯಾಂಡ್ ಸೆಂಟ್ರಲ್‌ಗೂ ಟೈಮ್ಸ್ ಸ್ಕ್ವೇರ್‌ಗೂ ನಡುವಿನ ತುಂಡು ಒಂಟಿಯಾಗಿ ಉಳಿಯಿತು. ಅದರಲ್ಲೇ ಪುಟ್ಟ ರೈಲು ಓಡಿಸಿದರು. ನೂಕುನುಗ್ಗಲಿಗೆ ಹೆದರಿ ಒಂದೆರಡು ದಿನದಲ್ಲೇ ನಿಲ್ಲಿಸಿ, ಸೆಪ್ಟೆಂಬರಿನಲ್ಲಿ ಮತ್ತೆ ಶುರುಮಾಡಿದರು. ನಾಲ್ಕು ಹಳಿಗಳಲ್ಲಿ ಎರಡನೆಯದರ ಮೇಲೆ ನಡೆಯಲು ಹಾಸು ಹಾಸಿದ್ದರಿಂದ ಉಳಿದದ್ದು 1, 3, 4. ನೂರು ವರ್ಷ ಅಲ್ಲಿ 2ನೇ ಹಳಿ ಇರಲೇ ಇಲ್ಲ! ಮೊದಲು ಯಾವ ಹಳಿಯ ರೈಲು ಹೊರಡುತ್ತದೆಂದು ದೀಪದ ಸೂಚನೆ ನೋಡಿಕೊಂಡು ಜನ ಅತ್ತಿಂದಿತ್ತ ಓಡುತ್ತಿದ್ದರು. ಪ್ಲಾಟ್‌ಫಾರ್ಮ್ ಬಾಗಿದ್ದರಿಂದ ರೈಲಿಗೂ ಅಂಚಿಗೂ ನಡುವೆ ದೊಡ್ಡ ಸಂದು ಬೀಳುತ್ತಿತ್ತು. ಗಾಲಿಕುರ್ಚಿಯವರು ಆ ಕಡೆ ಸುಳಿಯುವಂತಿರಲಿಲ್ಲ.

2021ರ ಸೆಪ್ಟೆಂಬರಿನಲ್ಲಿ ಮುಗಿದ ನವೀಕರಣವನ್ನು ಮನಸಾರೆ ಮೆಚ್ಚಬೇಕು. ನಡುವಿನ ಹಳಿ ಕಿತ್ತು, ಪ್ಲಾಟ್‌ಫಾರ್ಮನ್ನು ಪೂರ್ವಕ್ಕೆ ಸರಿಸಿ, ನೇರವಾಗಿ, ಅಗಲವಾಗಿ ಮಾಡಿದರು. ಹೆಚ್ಚೆಂದರೆ ನಾಲ್ಕು ಬೋಗಿ ಇದ್ದಲ್ಲಿ ಈಗ ಆರು. ಬ್ರಯಂಟ್ ಪಾರ್ಕ್ ನಿಲ್ದಾಣಕ್ಕೆ ಒಳದಾರಿಯೂ ಸಿಕ್ಕಿತು. ಮರುವರ್ಷ ಬೀದಿಯಿಂದ ಇಳಿಯಲು ಹೊಸ ಮೆಟ್ಟಿಲು, ಲಿಫ್ಟು ಬಂದವು. ಇಲ್ಲಿ ಹಳಿಯನ್ನು ಮೊದಲು ಹಾಕಿ ಜನರನ್ನು ಆಮೇಲೆ ನೆನೆಯುವುದೇ ರೂಢಿಯಾಗಿತ್ತು. ಈ ಸಲ ಜನರ ಕಾಲಿನ ಲೆಕ್ಕ ಮೊದಲು ಬಂತು.

ಕಲೆಯ ವಿಷಯದಲ್ಲಿ ನನಗೆ ಅಷ್ಟು ಸಮಾಧಾನವಿಲ್ಲ. ಮೆಜ್ಜನೈನ್ ಅಂತಸ್ತಿನಲ್ಲಿರುವ ರಾಯ್ ಲಿಕ್ಟನ್‌ಸ್ಟೈನ್ ಅವರ ಐವತ್ತಮೂರು ಅಡಿ ಉದ್ದದ ಎನಾಮೆಲ್ ಚಿತ್ರ ಸೊಗಸೇ ಹೌದು. ಗುಂಡಿನಂತೆ ನುಗ್ಗುವ ಭವಿಷ್ಯದ ವಾಹನವೂ 1904ರ ಶೈಲಿಯ ‘42’ ಅಂಕಿಯೂ ಅದರಲ್ಲಿ ಜೊತೆಗಿವೆ. ಅದು ಗೋಡೆಗೇರಿದ್ದು 2002ರಲ್ಲಿ, ಕಲಾವಿದ ತೀರಿಕೊಂಡು ಐದು ವರ್ಷವಾದ ಮೇಲೆ. ಆದರೆ ಕೆಳಗೆ ಹಾಯುವ ಜನಪ್ರವಾಹದಲ್ಲಿ ನಿಂತು ನೋಡಲು ಎಡೆಯೆಲ್ಲಿ?

ಎಂಟನೇ ಅವೆನ್ಯೂಗೆ ಹೋಗುವ ಸುರಂಗದ ಸ್ಥಿತಿ ಇನ್ನೂ ವಿಚಿತ್ರ. ತಗ್ಗು ಸೂರು, ಇಳಿಜಾರು ನೆಲ, ಮುಗಿಯದ ನಡಿಗೆ. 1988ರವರೆಗೆ ಟಿಕೆಟ್ ಗೇಟಿನ ಹೊರಗಿದ್ದ ಈ ದಾರಿಯ ತೊಲೆಗಳ ಮೇಲೆ 1991ರಲ್ಲಿ ನಾರ್ಮನ್ ಕೋಲ್ಪ್ ಅವರ ಚಿಕ್ಕ ಪದ್ಯವೊಂದನ್ನು ತುಂಡು ತುಂಡಾಗಿ ಅಂಟಿಸಿದರು. ನಿದ್ದೆಗೆಟ್ಟು ಕೆಲಸಕ್ಕೆ ಓಡುವವನ ಗೋಳು ಅದು. ಒಂದು ವರ್ಷಕ್ಕೆಂದು ಹಾಕಿದ್ದು ಜನಪ್ರಿಯವಾಗಿ ಅಲ್ಲೇ ಉಳಿಯಿತು. ಪದ್ಯದ ಬಗ್ಗೆ ನನ್ನ ತಕರಾರಿಲ್ಲ. ಪ್ರಯಾಣಿಕನ ಗೋಳನ್ನು ಸೂರಿಗೆ ಅಂಟಿಸಿದವರು ಸೂರನ್ನು ಎತ್ತರಿಸುವ ಗೋಜಿಗೆ ಹೋಗಲಿಲ್ಲ ಎನ್ನುವುದೇ ತಕರಾರು.

ಕಟ್ಟಡವೆಂದು ನೋಡಿದರೆ ಟೈಮ್ಸ್ ಸ್ಕ್ವೇರ್ ನಿಲ್ದಾಣ ಸೋತಿದೆ. ರಿಪೇರಿಯೆಂದು ನೋಡಿದರೆ ಷಟಲ್ ಭಾಗ ಗೆದ್ದಿದೆ. ಅಲ್ಲಿ ಲಿಕ್ಟನ್‌ಸ್ಟೈನ್ ಚಿತ್ರಕ್ಕಿಂತ ಬೀದಿಯ ಲಿಫ್ಟೇ ದೊಡ್ಡ ಕೃತಿ ಎನ್ನಲು ನನಗೆ ಸಂಕೋಚವಿಲ್ಲ. ಮುಂದಿನ ಡಾಲರು ಖರ್ಚಾಗಬೇಕಾದದ್ದು ಎಂಟನೇ ಅವೆನ್ಯೂವಿನ ಆ ಸುರಂಗದ ಮೇಲೆ.