ಪ್ರಾಥಮಿಕ ಗಣಿತ ಪಠ್ಯದಲ್ಲಿ ಸಂಸ್ಕೃತಿ ಮತ್ತು ಸಮಾನತೆ

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಜ್ಞಾನವನ್ನು ಹೊರಗಿನ ಬದುಕಿನೊಡನೆ ಬೆಸೆಯಬೇಕೆಂದಿತು. ಆ ಆಶಯದಿಂದ 2008ರಲ್ಲಿ ಎನ್‌ಸಿಇಆರ್‌ಟಿ ಹೊರತಂದ ಐದನೆಯ ತರಗತಿಯ ‘ಮ್ಯಾಥ್-ಮ್ಯಾಜಿಕ್’ ಮೀನುಗಾರರ ಪಾಠದಿಂದಲೇ ಆರಂಭವಾಗಿತ್ತು. ದೋಣಿಯ ವೇಗ, ಮೀನಿನ ಬೆಲೆ, ಸಾಲದ ಲೆಕ್ಕಗಳ ಮೂಲಕ ದುಡಿಮೆಯ ಲೋಕಕ್ಕೆ ಅಲ್ಲಿ ದೊರೆತ ಗೌರವ ಗಮನಾರ್ಹವಾದುದು. ಆದರೆ ವಸ್ತು ಬದಲಾದ ಮಾತ್ರಕ್ಕೆ ಸಮಾನತೆ ಸಿದ್ಧಿಸುವುದೇ? 2025ರಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿದ ಅಧ್ಯಯನದಲ್ಲಿ, ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳು ವ್ಯಾಪಾರದ ಲೆಕ್ಕವನ್ನು ಬಾಯಿಲೆಕ್ಕದಲ್ಲೇ ಬಿಡಿಸಿದರೂ ಶಾಲಾ ಮಾದರಿಯ ಲೆಕ್ಕಗಳಲ್ಲಿ ಎಡವಿದರು. ಶಾಲೆಯಲ್ಲಷ್ಟೇ ಕಲಿತವರಿಗೆ ವ್ಯಾಪಾರದ ಲೆಕ್ಕ ಕಠಿಣವಾಯಿತು. ಆದುದರಿಂದ ಮಗುವಿನ ಬಾಯಿಲೆಕ್ಕದ ಕ್ರಮಕ್ಕೆ ತರಗತಿಯ ಚರ್ಚೆಯಲ್ಲೂ ಮೌಲ್ಯಮಾಪನದಲ್ಲೂ ಸ್ಥಾನ ದೊರೆತು, ಅಲ್ಲಿಂದ ಬರಹದ ಗಣಿತಕ್ಕೆ ದಾರಿ ತೆರೆಯಬೇಕು. ಇಲ್ಲವಾದರೆ ಮೀನುಗಾರನ ಬದುಕು ಪಠ್ಯದಲ್ಲಿ ಬರಿಯ ಚಿತ್ರವಾಗಿ ಉಳಿದು, ಅವನ ಮಗುವಿನ ಅರಿವು ಶಾಲೆಯ ಹೊಸ್ತಿಲಲ್ಲೇ ನಿಲ್ಲುತ್ತದೆ.