ಸುಣ್ಣದ ಎರಡು ಕಥೆ

ಹಳೆ ಗೋವಾದ ರಸ್ತೆಯ ಒಂದು ಬದಿಗೆ ಸೆ ಕೆಥೆಡ್ರಲ್ ಬೆಳ್ಳಗೆ ನಿಂತಿದೆ. ಎದುರು ಬದಿಯ ಬೊಂ ಜೀಸಸ್ ಬೆಸಿಲಿಕಾ ಮಾತ್ರ ಮುರಕಲ್ಲಿನ ಕೆಂಪು ಮೈ ಬಿಟ್ಟುಕೊಂಡಿದೆ. ಆ ಕೆಂಪೇ ಪ್ರಾಚೀನತೆಯ ಗುರುತೆಂದು ಪ್ರವಾಸಿಗರು ಫೋಟೊ ತೆಗೆದುಕೊಳ್ಳುತ್ತಾರೆ. ಅಸಲಿಗೆ ಅದು 1950ರ ದಶಕದ್ದು!

ಬೆಸಿಲಿಕಾದ ಹೆಸರು ಹಬ್ಬಿದ್ದು ಒಳಗಿರುವ ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರದಿಂದ. ಕೊಂಕಣಿಗರ ಬಾಯಲ್ಲಿ ಅವರು 'ಗೋಂಯ್ಚೊ ಸಾಯ್ಬ್', ಗೋವಾದ ಒಡೆಯ. ಆದರೆ ಅವರು ಕಣ್ಮುಚ್ಚಿದ್ದು ಗೋವಾದಲ್ಲಲ್ಲ, 1552ರ ಡಿಸೆಂಬರ್ 3ರಂದು ಚೀನಾ ಕರಾವಳಿಯ ಶಾಂಗ್‌ಚುವಾನ್ ದ್ವೀಪದಲ್ಲಿ. ಮಾಂಸ ಬೇಗ ಕರಗಿದರೆ ಮೂಳೆ ಒಯ್ಯಲು ಸುಲಭವೆಂದು ಶವಪೆಟ್ಟಿಗೆಗೆ ಸುಣ್ಣ ಸುರಿದು ಹೂತರು. ಎರಡೂವರೆ ತಿಂಗಳ ಮೇಲೆ ತೆಗೆದು ನೋಡಿದರೆ ದೇಹ ಕೆಟ್ಟಿರಲಿಲ್ಲ ಎನ್ನುತ್ತವೆ ಜೆಸ್ವಿತರ ದಾಖಲೆಗಳು. ಮಲಾಕ್ಕಾ ಸುತ್ತಿ ಅದು ಗೋವಾ ತಲುಪಿದ್ದು 1554ರ ಮಾರ್ಚ್‌ನಲ್ಲಿ. ಆಗಿನ್ನೂ ಈ ಇಗರ್ಜಿಯೇ ಇರಲಿಲ್ಲ. ಅಡಿಗಲ್ಲು ಬಿದ್ದದ್ದು 1594ರಲ್ಲಿ, ಪ್ರತಿಷ್ಠೆಯಾದದ್ದು 1605ರಲ್ಲಿ. 1614ರಲ್ಲಿ ಬಲ ಮುಂಗೈಯನ್ನು ಬೇರ್ಪಡಿಸಿ ರೋಮ್‌ಗೆ ಕಳಿಸಿದರು. ಅದು ಇಂದಿಗೂ ಅಲ್ಲಿನ ಜೆಸು ಇಗರ್ಜಿಯಲ್ಲಿದೆ.

ಸಮಾಧಿಯನ್ನು ಕತ್ತೆತ್ತಿಯೇ ನೋಡಬೇಕು. ಕೆಳಗಿನ ಅಮೃತಶಿಲೆಯ ಪೀಠ ಟಸ್ಕನಿಯ ದೊರೆ ಮೂರನೆಯ ಕೋಸಿಮೊನ ಕಾಣಿಕೆ. ಫ್ಲಾರೆನ್ಸಿನ ಶಿಲ್ಪಿ ಫೊಜಿನಿ ಹತ್ತು ವರ್ಷ ಕೂತು ಮಾಡಿಸಿದ್ದು, ಗೋವಾದಲ್ಲಿ ಜೋಡಣೆಯಾದದ್ದು 1698ರಲ್ಲಿ. ಮೇಲಿನ ಬೆಳ್ಳಿಯ ಪೆಟ್ಟಿಗೆ ಅದಕ್ಕಿಂತ ಅರವತ್ತು ವರ್ಷ ಹಳೆಯದು, ಗೋವಾದ ಅಕ್ಕಸಾಲಿಗರದೇ ಕೈಕೆಲಸ. ಹೊಗಳಿಕೆಯೆಲ್ಲ ಫ್ಲಾರೆನ್ಸಿಗೆ ಹೋಗುತ್ತದೆ. ಕಣ್ಣು ನೆಡುವುದು ಮಾತ್ರ ಬೆಳ್ಳಿಯ ಮೇಲೆ.

ಇನ್ನೊಂದು ಸುಣ್ಣದ ಕಥೆ ಹೊರಗಿನ ಗೋಡೆಯದು. ಮುರಕಲ್ಲು ಎಂಥದೆಂದು ಮಂಗಳೂರು, ಕಾರವಾರದವರಿಗೆ ಬಿಡಿಸಿ ಹೇಳಬೇಕಿಲ್ಲ. ಕಡಿಯುವಾಗ ಮೆತ್ತಗೆ, ಗಾಳಿಗೆ ಗಟ್ಟಿ, ಮೈತುಂಬ ತೂತು. ಮಳೆನೀರು ಕುಡಿಯದಿರಲೆಂದೇ ಕಟ್ಟಿದವರು ಇದಕ್ಕೆ ಸುಣ್ಣದ ಗಾರೆ ಮೆತ್ತಿದ್ದರು. ಮುನ್ನೂರೈವತ್ತು ಮಳೆಗಾಲ ಆ ಹೊದಿಕೆ ಕಾಯಿತು. ಆಮೇಲೆ ಪೋರ್ಚುಗೀಸ್ ವಾಸ್ತುಶಿಲ್ಪಿ ಬಲ್ತಝಾರ್ ಕಾಸ್ತ್ರೊ ಬಂದು, ಕಲ್ಲು ಕಂಡರೇ ಚೆಂದವೆಂದು ಕೆರೆಸಿ ಹಾಕಿದರು. ಮಾಡಿದ್ದು ಜೀರ್ಣೋದ್ಧಾರದ ಹೆಸರಿನಲ್ಲಿ, ಆದದ್ದು ಜೀರ್ಣವಷ್ಟೇ.

2024ರ ನವೆಂಬರ್ 21ರಿಂದ ನಡೆದ ದಶವಾರ್ಷಿಕ ದರ್ಶನಕ್ಕೆಂದು ಸಂತರ ಶರೀರವನ್ನು ಸೆ ಕೆಥೆಡ್ರಲ್‌ಗೆ ಒಯ್ದು, ಜನವರಿಯಲ್ಲಿ ಜೋಪಾನವಾಗಿ ಮರಳಿ ತಂದರು. ಬೆಸಿಲಿಕಾದ ಗೋಡೆಗೂ ಗಾರೆ ಮತ್ತೆ ಮೆತ್ತಿ ಜೋಪಾನ ಮಾಡಬೇಕೆಂಬ ಒತ್ತಾಯ ಇದ್ದೇ ಇದೆ. ಸದ್ಯಕ್ಕೆ ಹೊರಗೋಡೆಗೆ ಬೆರಳು ಸವರಿದರೆ ಕೆಂಪು ಪುಡಿ ಅಂಟುತ್ತದೆ.