ಆಲ್ಪ್ಸ್ ದಾರಿ ತೆರೆದದ್ದು ಕಡಲಲ್ಲಿ

ಯುದ್ಧಚರಿತ್ರೆಯ ರುಚಿ ಹತ್ತಿದವರಿಗೆ ಕಾರ್ಥೇಜ್ ಎಂದರೆ ಹ್ಯಾನಿಬಲ್, ಹ್ಯಾನಿಬಲ್ ಎಂದರೆ ಆಲ್ಪ್ಸ್ ಏರಿದ ಆನೆಗಳು. ಆದರೆ ಹಡಗು, ಬಂದರುಗಳನ್ನೇ ನಂಬಿ ಬಾಳಿದ ವ್ಯಾಪಾರಿ ನಗರದ ಸೇನಾನಿ ಹಿಮದ ಬೆಟ್ಟ ದಾಟಿ ಇಟಲಿಗೆ ಇಳಿಯಬೇಕಾಗಿ ಬಂದದ್ದಾದರೂ ಏಕೆ? ಉತ್ತರ ಬೇಕಿದ್ದರೆ ಸಿಸಿಲಿಯ ಪಶ್ಚಿಮ ತುದಿಯ ಎಗಾಡಿ ದ್ವೀಪಗಳಿಗೆ ಹೋಗಬೇಕು. ಕ್ರಿ.ಪೂ. 241ರ ಮಾರ್ಚ್ 10ರಂದು ರೋಮಿಗೂ ಕಾರ್ಥೇಜಿಗೂ ಅಲ್ಲಿ ನಡೆದ ಕದನದ ಹೊತ್ತಿಗೆ ಹ್ಯಾನಿಬಲ್ ಇನ್ನೂ ಆರೇಳು ವರ್ಷದ ಹುಡುಗ.

ಅದಕ್ಕೆ ಎಂಟು ವರ್ಷ ಹಿಂದೆ, ಕ್ರಿ.ಪೂ. 249ರಲ್ಲಿ, ಸಿಸಿಲಿಯ ಡ್ರೆಪಾನಾದ ಬಳಿ ಕಾರ್ಥೇಜಿನ ಅಧೆರ್ಬಾಲ್ ರೋಮನ್ನರ 93 ಹಡಗುಗಳನ್ನು ಸೆರೆಹಿಡಿದಿದ್ದ. ಬಿರುಗಾಳಿಗೆ ಮತ್ತಷ್ಟು ಹಡಗುಗಳನ್ನು ಕಳೆದುಕೊಂಡ ರೋಮ್ ಕಡಲನ್ನೇ ಬಿಟ್ಟಿತು. ಗೆದ್ದವರು ಎಡವಿದ್ದು ಅಲ್ಲೇ. ಎದುರಾಳಿ ಇನ್ನು ನೀರಿಗಿಳಿಯಲಾರ ಎಂದುಕೊಂಡು ಕಾರ್ಥೇಜ್ ತನ್ನ ನೌಕಾಪಡೆಯ ಪಳಗಿಕೆಯನ್ನು ಸಡಿಲಬಿಟ್ಟಿತು.

ಇತ್ತ ರೋಮಿನ ಬೊಕ್ಕಸ ಬರಿದಾಗಿತ್ತು. ಆದರೂ ಅಲ್ಲಿನ ಸಿರಿವಂತರು, ಗೆದ್ದರೆ ಹಣ ಹಿಂತಿರುಗಿಸಬೇಕೆಂಬ ಕರಾರಿನ ಮೇಲೆ, ತಮ್ಮ ಸ್ವಂತ ದುಡ್ಡಿನಿಂದ ಇನ್ನೂರು ಹಡಗು ಕಟ್ಟಿಸಿದರು. ಮಾದರಿಯಾಗಿದ್ದದ್ದು ಕಾರ್ಥೇಜಿನವನೇ ಆದ, ರೋಡಿಯನ್ ಎಂದು ಹೆಸರಾಗಿದ್ದ ಇನ್ನೊಬ್ಬ ಹ್ಯಾನಿಬಲ್‌ನಿಂದ ಕಿತ್ತುಕೊಂಡ ವೇಗದ ಹಡಗು. ಸೇನಾನಿ ಲುಟಾಟಿಯಸ್ ಕ್ಯಾಟುಲಸ್ ಹುಟ್ಟು ಹಾಕುವವರಿಗೆ ದಿನವೂ ತಾಲೀಮು ಕೊಡಿಸಿದ.

ಕಾರ್ಥೇಜಿನ ಹ್ಯಾನೊ ಹೊರಟದ್ದು ಬೆಟ್ಟದ ಮೇಲೆ ಹೋರಾಡುತ್ತಿದ್ದ ಹ್ಯಾಮಿಲ್ಕರ್ ಬಾರ್ಕಾನ ಪಡೆಗೆ ದವಸಧಾನ್ಯ ತಲುಪಿಸಲು. ಸರಕು ಇಳಿಸಿ, ಅಲ್ಲಿನ ನುರಿತ ಯೋಧರನ್ನು ಹತ್ತಿಸಿಕೊಂಡು, ಆಮೇಲೆ ಕಾದಾಡುವುದು ಅವನ ಲೆಕ್ಕ. ಗಾಳಿ ಅವನಿಗೆ ಅನುಕೂಲವಾಗಿತ್ತು, ಕಡಲು ಉಕ್ಕುತ್ತಿತ್ತು. ಆದರೂ ಕ್ಯಾಟುಲಸ್ ಕಾಯದೆ ಮುನ್ನುಗ್ಗಿದ. ಭಾರ ಹೊತ್ತ ಹಡಗುಗಳು, ಹೊಸಬರ ಕೈಯಲ್ಲಿ ಹುಟ್ಟು: ಚರಿತ್ರೆಕಾರ ಪೊಲಿಬಿಯಸ್ ಹೇಳುವಂತೆ 50 ಮುಳುಗಿದವು, 70 ಸೆರೆಸಿಕ್ಕವು.

ಈ ಶತಮಾನದಲ್ಲಿ ಅದೇ ಕಡಲತಳದಿಂದ ಹಡಗಿನ ಮೂತಿಗೆ ತೊಡಿಸುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ಕಂಚಿನ ಕೊಂಬುಗಳು ಮೇಲೆ ಬಂದಿವೆ. ಕೆಲವುಗಳ ಮೇಲೆ ರೋಮನ್ ಅಧಿಕಾರಿಗಳ ಹೆಸರುಗಳಿವೆ. ಒಂದರ ಮೇಲೆ ಬಾಲ್ ದೇವರಿಗೆ ಪ್ಯೂನಿಕ್ ಲಿಪಿಯ ಪ್ರಾರ್ಥನೆ. ಪುಸ್ತಕದ ಕದನವೊಂದು ಹೀಗೆ ಲೋಹವಾಗಿ ಕಣ್ಣಮುಂದೆ ನಿಲ್ಲುವುದಕ್ಕಿಂತ ದೊಡ್ಡ ಸಂತೋಷ ಚರಿತ್ರೆಯ ಓದಿನಲ್ಲಿ ನನಗೆ ಇನ್ನೊಂದಿಲ್ಲ.

ಈ ಸೋಲಿನ ಬಳಿಕದ ಸಂಧಿಯಲ್ಲಿ ಕಾರ್ಥೇಜ್ ಸಿಸಿಲಿಯನ್ನು ಬಿಟ್ಟುಕೊಟ್ಟು 3,200 ಟ್ಯಾಲೆಂಟ್ ದಂಡಕ್ಕೆ ಒಪ್ಪಿತು. ಸಂಬಳ ಸಿಗದ ಬಾಡಿಗೆ ಸೈನಿಕರು ದಂಗೆ ಎದ್ದರು. ಆ ಗೊಂದಲದ ಲಾಭ ಪಡೆದು ರೋಮ್ ಸಾರ್ಡಿನಿಯಾವನ್ನೂ ಕಬಳಿಸಿತು. ಹ್ಯಾಮಿಲ್ಕರ್ ತನ್ನ ಮಗ ಹ್ಯಾನಿಬಲ್‌ನನ್ನು ಕರೆದುಕೊಂಡು ಸ್ಪೇನಿಗೆ ಹೋಗಿ ನೆಲದ ಮೇಲೆ ಹೊಸ ಬಲ ಕಟ್ಟಿದ.

ಕ್ರಿ.ಪೂ. 218ರಲ್ಲಿ ಮತ್ತೆ ಯುದ್ಧ ಬಂದಾಗ ರೋಮ್ ನೀರಿಗಿಳಿಸಿದ್ದು 220 ದೊಡ್ಡ ಹಡಗುಗಳನ್ನು. ಸ್ಪೇನಿನಲ್ಲಿ ಕಾರ್ಥೇಜಿಗಿದ್ದ ಅಂಥ 50 ಹಡಗುಗಳಲ್ಲಿ ಆಳುಗಳಿದ್ದದ್ದು 32ಕ್ಕೆ ಮಾತ್ರ. ಕಡಲ ದಾರಿ ಮುಚ್ಚಿದ್ದರಿಂದ ಹ್ಯಾನಿಬಲ್ ನೆಲದ ದಾರಿ ಹಿಡಿದ. ರೋನ್ ನದಿ ದಾಟಿದಾಗ ಅವನ ಬಳಿ ಸುಮಾರು 46,000 ಮಂದಿ ಇದ್ದರು. ಆಲ್ಪ್ಸ್ ಇಳಿದಾಗ ಉಳಿದವರು 26,000. ಅವನ ಧೈರ್ಯಕ್ಕೆ ತಲೆಬಾಗೋಣ. ಆದರೆ ಹಿಮದಲ್ಲಿ ಸತ್ತವರ ಲೆಕ್ಕವನ್ನು, ಗೆದ್ದ ಮೇಲೆ ತನ್ನ ಹಡಗುಗಳನ್ನು ಮರೆತ ನಗರದ ಖಾತೆಗೂ ಬರೆಯಬೇಕು.